ಎದುರು ಮನೆಯ ಪುಟ್ಟಿ ಅಪ್ಪ

ಆತನ ಹೆಸರು ಬಾಗಿಲ ಫಲಕದಲ್ಲಿ ಹಿತ್ತಾಳೆ ಅಕ್ಷರಗಳಲ್ಲಿದೆ. ಆದರೆ ಹಾಲಿನವನಿಂದ ಹಿಡಿದು ಸೆಕ್ಯುರಿಟಿಯವರೆಗೆ ಎಲ್ಲರಿಗೂ ಆತ ಪುಟ್ಟಿ ಅಪ್ಪ. ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂಥ ಅಪ್ಪಂದಿರು ಮಹಡಿಗೆ ಇಬ್ಬರಾದರೂ ಸಿಗುತ್ತಾರೆ. ಸೊಂಟದ ಮೇಲೆ ಇಸ್ತ್ರಿ ಅಂಗಿ, ಕೆಳಗೆ ಬರ್ಮುಡಾ, ಕತ್ತಿಗೆ ಹೆಡ್‌ಫೋನು, ಹೆಗಲಿಗೆ ಮಗುವಿನ ಸ್ಕೂಲ್ ಬ್ಯಾಗು. ವಾರಕ್ಕೆ ಮೂರು ದಿನ ಸಿಲ್ಕ್ ಬೋರ್ಡ್ ದಾಟಿ ಔಟರ್ ರಿಂಗ್ ರೋಡಿನ ಆಫೀಸಿಗೆ ಹೋಗುತ್ತಾರೆ. ಉಳಿದೆರಡು ದಿನ ಆಫೀಸೇ ಊಟದ ಮೇಜಿಗೆ ಬಂದು ಕೂರುತ್ತದೆ.

ನಾನು ಹಾಸನದ ಕಡೆ ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ, ಈಗ ಮಗನ ಮನೆಯ ಬಾಲ್ಕನಿಯಲ್ಲಿ ನಿವೃತ್ತನಾಗಿ ಕೂತಿರುವವನು. ಒಂದು ಬೆಳಿಗ್ಗೆ ನೋಡುತ್ತೇನೆ, ಎದುರಿನ ಬಾಲ್ಕನಿಯಲ್ಲಿ ಈತ ಒಂದು ಹಳದಿ ಪ್ಲಾಸ್ಟಿಕ್ ಬಾತುಕೋಳಿಯ ಮುಂದೆ ಕೈ ಆಡಿಸುತ್ತ ಅಂಗಲಾಚುತ್ತಿದ್ದಾನೆ. "ನೋಡು, ಲಿಸ್ಟ್ ಖಾಲಿ ಇದ್ರೆ ಇಲ್ಲಿಂದಲೇ ವಾಪಸ್ ಬರ್ತೀನಿ, ಸರೀನಾ? ಖಾಲಿ ಇಲ್ಲ ಅಂದ್ರೆ ಲೂಪ್ ಒಳಗೆ ಹೋಗ್ತೀನಿ, ಸರೀನಾ?" ಬಾತುಕೋಳಿ ಸರಿಯೆಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ಒಳಗೆ ಹೋಗಿ ಹೆಂಡತಿಗೆ ಹೇಳಿದೆ, "ಪಾಪ, ಎದುರು ಮನೆಯವನಿಗೆ ಕೆಲಸ ಹೋಗಿರಬೇಕು ಕಣೇ."

ಸಂಜೆ ಲಿಫ್ಟಿನಲ್ಲಿ ಆತನೇ ಬಿಡಿಸಿ ಹೇಳಿದ. ಅವರ ಬಳಗದಲ್ಲಿ ಇದು ಶಾಸ್ತ್ರೋಕ್ತ ವಿಧಾನವಂತೆ. ಆಂಡ್ರ್ಯೂ ಹಂಟ್, ಡೇವಿಡ್ ಥಾಮಸ್ ಎಂಬಿಬ್ಬರು 1999ರಲ್ಲಿ ಬರೆದ 'ದಿ ಪ್ರಾಗ್ಮಾಟಿಕ್ ಪ್ರೋಗ್ರಾಮರ್' ಪುಸ್ತಕದಲ್ಲೇ ಇದೆಯಂತೆ. ಬಗ್ ಸಿಗದಿದ್ದಾಗ ಪ್ರೋಗ್ರಾಮನ್ನು ಸಾಲು ಸಾಲಾಗಿ ಒಂದು ಬಾತುಕೋಳಿಗೆ ವಿವರಿಸಬೇಕು. ವಿವರಿಸುತ್ತಿರುವಾಗಲೇ ತಪ್ಪು ತಾನಾಗಿ ಹೊಳೆಯುತ್ತದೆ. ನನಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. ಮೂವತ್ತೊಂದು ವರ್ಷ ನನ್ನೆದುರು ಐವತ್ತೈವತ್ತು ಬಾತುಕೋಳಿಗಳು ಕೂತಿದ್ದವು.

ತೊಂದರೆ ಏನೆಂದರೆ ಬಾತುಕೋಳಿ ಆತನದಲ್ಲ, ಪುಟ್ಟಿಯದು. ಅದು ಬಕೆಟ್ಟಿನಲ್ಲಿ ತೇಲದೆ ಅವಳು ಸ್ನಾನಕ್ಕೆ ಬರುವುದಿಲ್ಲ. ಬೆಳಗ್ಗೆ ಏಳಕ್ಕೆ ಸ್ನಾನ, ಏಳಕ್ಕೇ ಆತನ ರಿಲೀಸು. "ಎರಡು ನಿಮಿಷ ಪುಟ್ಟಿ" ಎನ್ನುತ್ತಾನೆ. ಆತನ ಎರಡು ನಿಮಿಷಕ್ಕೆ ಗಡಿಯಾರದ ಸಂಬಂಧ ಇದ್ದಂತಿಲ್ಲ. ಆ ಎರಡು ನಿಮಿಷದಲ್ಲಿ ಸ್ಕೂಲ್ ವ್ಯಾನು ಹಾರ್ನ್ ಹೊಡೆದು, ಬೈದು, ಹೋಗಿರುತ್ತದೆ.

ಇಂಥವರನ್ನು ಆಫೀಸಿನಲ್ಲಿ ಹೇಗೆ ನಂಬುತ್ತಾರೆ ಎಂದು ಕೇಳಿದೆ. ಅಲ್ಲಿ ಗಂಟೆಯ ಲೆಕ್ಕವೇ ಇಲ್ಲವಂತೆ. ಕೆಲಸ ಎಷ್ಟು ಭಾರ ಎಂದು 1, 2, 3, 5, 8, 13 ಎಂಬ ಅಂಕಿಗಳಲ್ಲಿ ಹೇಳುತ್ತಾರಂತೆ. ನನಗೆ ಹುರುಪು ಬಂತು. ಇದು ನಮ್ಮ ಛಂದಸ್ಸಿನ ಲೆಕ್ಕವಲ್ಲವೇ! ನಾಲ್ಕು ಮಾತ್ರೆಯನ್ನು ಲಘು ಗುರುಗಳಿಂದ 5 ಬಗೆಯಲ್ಲಿ ತುಂಬಬಹುದು, ಐದು ಮಾತ್ರೆಯನ್ನು 8 ಬಗೆಯಲ್ಲಿ, ಆರು ಮಾತ್ರೆಯನ್ನು 13 ಬಗೆಯಲ್ಲಿ. 12ನೇ ಶತಮಾನದ ಹೇಮಚಂದ್ರನಿಗೆ ಇದು ಗೊತ್ತಿತ್ತು ಎಂದೆಲ್ಲ ಹೇಳಿದೆ. ಆತ ಭಕ್ತಿಯಿಂದ ಕೇಳಿಸಿಕೊಂಡ. ನಡುವೆ ಎರಡು ಸಲ ಫೋನು ನೋಡಿದ. ಮಾರನೇ ದಿನ ಅವರ ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿತ್ತು. ಅನ್ನ ಸಾರು 3, ಹಾಲು 5, ಎಣ್ಣೆ ಸ್ನಾನ 13. ಅದರ ಕೆಳಗೆ ಆತನ ಹೆಂಡತಿಯ ಕೈಬರಹದಲ್ಲಿ ಇನ್ನೊಂದು ಸಾಲು: ಗಂಡನನ್ನು ಲ್ಯಾಪ್‌ಟಾಪಿನಿಂದ ಎಬ್ಬಿಸುವುದು 21.

ಇಷ್ಟೆಲ್ಲ ಇದ್ದರೂ ನನಗೆ ಆತನ ಮೇಲೆ ಗೌರವ ಹುಟ್ಟಿದ್ದು ಅರ್ಕಾವತ್ತಿನ ದೆಸೆಯಿಂದ.

ಪುಟ್ಟಿಗೆ ಎರಡನೇ ಕ್ಲಾಸು. ಒಂದು ಭಾನುವಾರ ನೋಟ್‌ಬುಕ್ ಹಿಡಿದು ನಮ್ಮ ಮನೆಗೇ ಬಂದಳು. "ತಾತ, 'ಸೂರ್ಯ' ಅನ್ನೋವಾಗ ರ ಮೊದಲು ಬರುತ್ತೆ, ಯ ಆಮೇಲೆ. ಬರೆಯೋವಾಗ ಯಾಕೆ ಯ ಮುಂದೆ, ರ ಹಿಂದೆ?" ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆಗೆ ನನ್ನದೊಂದೇ ಉತ್ತರ: "ಅದು ಹಾಗೇ. ಹತ್ತು ಸಲ ಬರಿ." ಅದನ್ನೇ ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವಳ ಹಿಂದೆಯೇ ಬಂದಿದ್ದ ಅಪ್ಪ ನೆಲದ ಮೇಲೆ ಕೂತೇಬಿಟ್ಟ. ಮುಖ ನೋಡಬೇಕಿತ್ತು. ತಿಂಗಳುಗಟ್ಟಲೆ ಮನೆಯಲ್ಲಿ ಯಾರೂ ತನ್ನ ಕೆಲಸದ ಬಗ್ಗೆ ಏನೂ ಕೇಳದವನಿಗೆ ಸ್ವಂತ ಮಗಳೇ ಕೇಳಿದ ಸಂಭ್ರಮ.

"ಕಂಪ್ಯೂಟರ್ ಒಳಗೆ ನಿನ್ನ ಥರಾನೇ ಪುಟ್ಟಿ. ಯೂನಿಕೋಡ್‌ನಲ್ಲಿ 'ಸೂರ್ಯ' ಅಂದ್ರೆ ಐದು ಜನ. ಸ, ಊಕಾರದ ಕೊಂಬು, ರ, ಹಲಂತ ಚಿಹ್ನೆ, ಯ. ಇದೇ ಸಾಲಲ್ಲಿ ನಿಂತಿರ್ತಾರೆ, ರ ಮೊದಲು, ಯ ಆಮೇಲೆ. ಸ್ಕ್ರೀನ್ ಮೇಲೆ ಬರೋವಾಗ ಫಾಂಟು ರ ಅನ್ನೋನನ್ನ ಹಿಂದಕ್ಕೆ ಕಳಿಸುತ್ತೆ."

"ಹಿಂದಕ್ಕೆ ಕಳಿಸಬಾರದು ಅಂದ್ರೆ?"

"ಆಗ ಇನ್ನೊಬ್ಬ ಬರ್ತಾನೆ. ಕಣ್ಣಿಗೇ ಕಾಣಲ್ಲ. ರ ಆದ್ಮೇಲೆ ಅವನನ್ನ ನಿಲ್ಲಿಸಿದ್ರೆ ರ ಜಾಗ ಬಿಟ್ಟು ಕದಲಲ್ಲ."

"ಕಾಣದೇ ಇದ್ರೆ ಇದಾನೆ ಅಂತ ಹೆಂಗೆ ಗೊತ್ತು?"

"ಅವನಿಲ್ಲದೆ ರ‍್ಯಾಂಕ್ ಬರಲ್ಲ."

ನಾನು ನಕ್ಕೆ. ಆತ ನಗಲಿಲ್ಲ, ಶ್ಲೇಷೆ ಆದದ್ದೇ ಆತನಿಗೆ ಗೊತ್ತಾಗಿರಲಿಲ್ಲ. ಪುಟ್ಟಿಯೂ ನಗಲಿಲ್ಲ, ಅವಳು ಯೋಚನೆಯಲ್ಲಿದ್ದಳು. ಬುಧವಾರ ಆ ಯೋಚನೆಯ ಫಲ ಮನೆಗೆ ಬಂತು. ನೋಟ್‌ಬುಕ್ಕಿನಲ್ಲಿ ಹತ್ತು ಸಾಲು 'ಸೂರಯ', ಹತ್ತು ಸಾಲಿಗೂ ಕೆಂಪು ಗೀಟು. ಯಾಕಮ್ಮ ಎಂದರೆ, "ನಾನು ಸರಿಯಾಗೇ ಹಾಕಿದ್ದೆ ತಾತ. ನೋಟ್‌ಬುಕ್ಕೇ ಹಿಂದಕ್ಕೆ ಕಳಿಸಲಿಲ್ಲ."

ಅಪ್ಪ ಆ ಪುಟವನ್ನು ಬಹಳ ಹೊತ್ತು ನೋಡುತ್ತಿದ್ದ. ಕೊನೆಗೆ, "ಇದು ರೆಂಡರಿಂಗ್ ಪ್ರಾಬ್ಲಮ್" ಎಂದು ಮಗಳ ಪರವಾಗಿ ತೀರ್ಪು ಕೊಟ್ಟ. ಟೀಚರಿಗೆ ಪತ್ರ ಬರೆಯಲು ಹೊರಟವನನ್ನು ಹೆಂಡತಿ ತಡೆದಳು.

ರಾತ್ರಿಯ ಕಥೆ ಬೇರೆ. ಕ್ಯಾಲಿಫೋರ್ನಿಯಾದವರಿಗೆ ಬೆಳಗ್ಗೆ ಒಂಬತ್ತಾದಾಗ ಈತನಿಗೆ ಮೀಟಿಂಗು. ಅಲ್ಲಿನವರು ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ನವೆಂಬರಿನಲ್ಲಿ ಹಿಂದಕ್ಕೆ ತಿರುಗಿಸುತ್ತಾರೆ. ಹಾಗಾಗಿ ಚಳಿಗಾಲದಲ್ಲಿ ನಮ್ಮ ಹತ್ತೂವರೆಗೆ ಇರುವ ಮೀಟಿಂಗು ಮಾರ್ಚ್ ಬಂದರೆ ಒಂಬತ್ತೂವರೆಗೆ ಜಾರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಪುಟ್ಟಿಗೆ ಪುಣ್ಯಕೋಟಿ ಬೇಕು, ಅದೂ ದಿನಾ ಮೊದಲಿನಿಂದ. ಹೀಗಾಗಿ ಅವರ ಮನೆಯಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಪುಣ್ಯಕೋಟಿ ಹುಲಿಯ ಗುಹೆಯ ಬಾಗಿಲಲ್ಲೇ ನಿಂತಿರುತ್ತಾಳೆ. "ಎರಡು ನಿಮಿಷ ಪುಟ್ಟಿ, ಬಂದೆ" ಎಂದು ಅಪ್ಪ ಎದ್ದು ಹೋಗುತ್ತಾನೆ. ಕರು ಕಾಯುತ್ತದೆ. ಹುಲಿಗೆ ಹಸಿವು. ಮಗುವಿಗೆ ನಿದ್ದೆ ಬರುತ್ತದೆ. ಅಮ್ಮ ಮುಗಿಸುತ್ತೇನೆಂದರೆ ಒಪ್ಪಿಗೆಯಿಲ್ಲ; ಅಪ್ಪ ಶುರು ಮಾಡಿದ್ದನ್ನು ಅಪ್ಪನೇ ಮುಗಿಸಬೇಕು.

ಹೋದ ಏಪ್ರಿಲ್‌ನಲ್ಲಿ ಒಂದು ದಿನ, ರಾತ್ರಿ ಹತ್ತು ಹತ್ತಕ್ಕೆ ನಮ್ಮ ಮನೆಯ ಬೆಲ್ಲು ಬಡಿಯಿತು. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗವಚಿಕೊಂಡು ಪುಟ್ಟಿ ಅಪ್ಪ ನಿಂತಿದ್ದ. ಕೂದಲು ಕೆದರಿತ್ತು.

"ಸರ್, ತೊಂದ್ರೆ ಇಲ್ಲಾಂದ್ರೆ ಐದು ನಿಮಿಷ ಕೂತ್ಕೋತೀರಾ? ಬಾತುಕೋಳಿ ಅವಳು ಕೊಡ್ತಾ ಇಲ್ಲ. ನೀವೇನೂ ಮಾತಾಡೋದು ಬೇಡ."

ಮೂವತ್ತೊಂದು ವರ್ಷದ ಸರ್ವಿಸ್ಸು, ತಾಲ್ಲೂಕು ಮಟ್ಟದ ಎರಡು ಸನ್ಮಾನ, ಒಂದು ಮೈಸೂರು ಪೇಟ. ಎಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋದವು. ಕನ್ನಡಕ ಹಾಕಿಕೊಂಡು ಕೂತೆ. ಆತ ಎದುರು ಕೂತು ಯಾವುದೋ ಸರತಿಯ ಸಾಲಿನ ಬಗ್ಗೆ ಹೇಳತೊಡಗಿದ. ಅದರಲ್ಲಿ ಒಬ್ಬ ಇನ್ನೊಬ್ಬನಿಗಾಗಿ ಕಾಯುತ್ತಿದ್ದ, ಆ ಇನ್ನೊಬ್ಬ ಇವನಿಗಾಗಿಯೇ ಕಾಯುತ್ತಿದ್ದ. "ಇಬ್ಬರೂ ಕಾಯ್ತಾನೇ ಇರ್ತಾರೆ ಸರ್, ಯಾರೂ ಮುಂದಕ್ಕೆ ಹೋಗಲ್ಲ, ಸರೀನಾ?" ನನಗೆ ಇದು ಎಲ್ಲೋ ಕೇಳಿದ ಕಥೆ ಅನ್ನಿಸಿತು. ಆದರೆ ಮಾತಾಡಬಾರದೆಂಬ ಕರಾರಿತ್ತು. ತೆರೆದ ಬಾಗಿಲಿನಿಂದ ಎದುರು ಮನೆಯ ಮಾತು ಕೇಳುತ್ತಿತ್ತು. ಪುಟ್ಟಿ ಯಾರಿಗೋ ಕಥೆ ಹೇಳುತ್ತಿದ್ದಳು. "ಆಮೇಲೆ ಪುಣ್ಯಕೋಟಿ ಹೇಳ್ತು, ಹುಲಿರಾಯ, ನಾನು ಬಂದೆ, ತಿನ್ನು. ಸರೀನಾ?"

ಪುಟ್ಟಿ ಅಪ್ಪನ ಮಾತು ಅರ್ಧಕ್ಕೆ ನಿಂತಿತು. ಬಾಯಿ ತೆರೆದೇ ಇತ್ತು. ಬಗ್ ಸಿಕ್ಕಿತೋ, ಮಗಳ ದನಿ ಕೇಳಿಸಿತೋ, ನನಗೆ ತಿಳಿಯಲಿಲ್ಲ. "ಆ!" ಎಂದವನೇ ಎದ್ದು ಓಡಿದ.

ಲ್ಯಾಪ್‌ಟಾಪು ನನ್ನ ಮೇಜಿನ ಮೇಲೆಯೇ ಉಳಿಯಿತು. ಅದರೊಳಗಿಂದ ಯಾರೋ ಅಮೆರಿಕದವರು ಹಲೋ, ಹಲೋ ಎನ್ನುತ್ತಿದ್ದರು. ನಾನು ಬಾತುಕೋಳಿಯಂತೆ ಸುಮ್ಮನೆ ಕೂತಿದ್ದೆ.