ಇರಲಿ, ಬೇಕಾಗುತ್ತೆ

ಇಂಥವರೊಬ್ಬರು ಪ್ರತಿ ಬಡಾವಣೆಯಲ್ಲೂ ಇದ್ದೇ ಇರುತ್ತಾರೆ. ನಮ್ಮ ರಸ್ತೆಯ ಪಾಲಿಗೆ ಬಂದವರು ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಯಜಮಾನರು. ಯಾರದೇ ಮನೆಯ ಕಂಪ್ಯೂಟರ್ ಕೆಟ್ಟಿತೆಂದು ಕಿವಿಗೆ ಬಿದ್ದರೂ ಗುಜರಿಯವನಿಗಿಂತ ಮೊದಲು ಸ್ಕ್ರೂಡ್ರೈವರ್ ಹಿಡಿದು ಹಾಜರಾಗುತ್ತಾರೆ. ಮಾನಿಟರು, ಕೀಬೋರ್ಡು ಯಾರು ಬೇಕಾದರೂ ಒಯ್ಯಲಿ, ರ‍್ಯಾಮ್ ಮಾತ್ರ ಇವರಿಗೆ. ಅಂಗಿ ಜೇಬಿಗೆ ಇಳಿಸುವಾಗ ಹೇಳುವುದು ಒಂದೇ ಮಾತು: “ಇರಲಿ, ಬೇಕಾಗುತ್ತೆ.”

ಅವೆಲ್ಲ ಸೇರುವುದು ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಗೆ. ತಳದಲ್ಲಿ 168 ಪಿನ್ನಿನ ಎಸ್‌ಡಿ ರ‍್ಯಾಮುಗಳು, ಒಂದೊಂದೂ 64 ಎಂಬಿ. ಇವತ್ತು ಮೊಬೈಲಿನಲ್ಲಿ ಹಿಡಿದ ಒಂದು ನಿಮಿಷದ ವಿಡಿಯೋಗೂ ಎಷ್ಟೋ ಸಲ ಸಾಲದು. ಅದರ ಮೇಲೆ 184 ಪಿನ್ನಿನ ಡಿಡಿಆರ್, ಮತ್ತೂ ಮೇಲೆ ಡಿಡಿಆರ್ 2, ಡಿಡಿಆರ್ 3, ಡಿಡಿಆರ್ 4. ಪ್ರತಿಯೊಂದಕ್ಕೂ ಹಳೇ ಕ್ಯಾಲೆಂಡರ್ ಹಾಳೆಯ ಹೊದಿಕೆ, ಹೊದಿಕೆಯ ಮೇಲೆ ಬಾಲ್‌ಪೆನ್ನಿನ ಬರಹ: “ತಂಗಿ ಮಗನದು. 2006. ಚೆನ್ನಾಗಿದೆ.” ಕೆಲವದರ ಮೇಲೆ “ಅನುಮಾನ” ಎಂದಿದೆ. ಅನುಮಾನದವನ್ನೂ ಎಸೆದಿಲ್ಲ.

ಇವರ ಚಿಕಿತ್ಸೆ ಕಣ್ಣಾರೆ ನೋಡಬೇಕು. ಮೊದಲು ಕ್ಯಾಬಿನೆಟ್ಟಿನ ತಗಡು ಮುಟ್ಟಿ ಮೈಯಲ್ಲಿರುವ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳುತ್ತಾರೆ. ಆಮೇಲೆ ಮೊಮ್ಮಗಳ ಪೆನ್ಸಿಲ್ ಡಬ್ಬಿಯಿಂದ ರಬ್ಬರ್ ತೆಗೆದು ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ನಿಧಾನವಾಗಿ ಉಜ್ಜುತ್ತಾರೆ. ಪುಡಿ ಕೊಡವಿ, ಸ್ಲಾಟಿನಲ್ಲಿಟ್ಟು, ಎರಡೂ ಹೆಬ್ಬೆರಳಿನಿಂದ ಟಕ್ಕೆನ್ನುವವರೆಗೆ ಅದುಮುತ್ತಾರೆ. ನಗಬೇಡಿ. ಪವರ್ ಒತ್ತಿದರೆ ಬೀಪ್ ಬೀಪ್ ಎಂದು ಅರಚಿ ಸುಮ್ಮನಾಗುವ ಎಷ್ಟೋ ಯಂತ್ರಗಳ ರೋಗ ಆ ಹಲ್ಲಿನ ಮೇಲೆ ಕೂತ ಕೊಳೆಯೇ. ರಬ್ಬರಿಗೆ ಬಗ್ಗಿದ ಕಾಯಿಲೆಗೆ ಸರ್ವೀಸ್ ಸೆಂಟರಿನವರು ಮದರ್‌ಬೋರ್ಡ್ ಬದಲಿಸಿ ಎಂದ ಉದಾಹರಣೆಗಳು ಯಜಮಾನರ ಬಳಿ ಬೇಕಾದಷ್ಟಿವೆ, ಕೇಳಿದವರಿಗೆ ಕಾಫಿಯೂ ಸಿಗುತ್ತದೆ.

ಅವರ ಕೋಪವೆಲ್ಲ ರ‍್ಯಾಮಿನ ಹಲ್ಲುಗಳ ನಡುವಿನ ಕಚ್ಚಿನ ಮೇಲೆ. ಡಿಡಿಆರ್ 2ಕ್ಕೂ 240 ಪಿನ್, ಡಿಡಿಆರ್ 3ಕ್ಕೂ 240 ಪಿನ್, ಉದ್ದವೂ ಒಂದೇ. ಕಚ್ಚು ಮಾತ್ರ ಚೂರು ಪಕ್ಕಕ್ಕೆ. “ನಾವು ಹೊಸದು ಕೊಳ್ಳಲಿ ಅಂತ ಜರುಗಿಸಿದ್ದಾರೆ ಕಣ್ರೀ!” ಎಂದು ಒಮ್ಮೆ ಅರ ತೆಗೆದುಕೊಂಡು ಕಚ್ಚನ್ನು ಅಗಲ ಮಾಡಲು ಕೂತೇಬಿಟ್ಟಿದ್ದರು. ಡಿಡಿಆರ್ 2ಕ್ಕೆ 1.8 ವೋಲ್ಟ್ ಬೇಕು, ಡಿಡಿಆರ್ 3ಕ್ಕೆ 1.5, ಒಳಗಿನ ವಾಹಕಗಳ ಹೊಂದಿಕೆಯೇ ಬೇರೆ. ತಪ್ಪಿ ಸಿಕ್ಕಿಸಿ ಸುಟ್ಟುಕೊಳ್ಳದಿರಲಿ ಎಂದೇ ಆ ಕಚ್ಚು ಇರುವುದು. ಇದನ್ನೆಲ್ಲ ವಿವರಿಸಿ ಅರ ಕೆಳಗಿಡಿಸಿದ್ದು ಮಗ. ಸಿಟ್ಟು ಮಾತ್ರ ಇಳಿದಿಲ್ಲ.

ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿ ಹುಡುಗರಿಗೆ ಇವರು ಚಿರಪರಿಚಿತರು. “ಅಂಕಲ್, ಇದು ಡಿಡಿಆರ್ ಫೋರ್. ಈ ಹೊಸ ಬೋರ್ಡಲ್ಲಿ ಕೂರಲ್ಲ.”

“ಹಾಗಿದ್ರೆ ಇದು ಕೂರೋ ಬೋರ್ಡ್ ಕೊಡಪ್ಪ.”

ಹಾಗೆ ಅವರ ಮನೆಗೆ ಹೊಸ ಕಂಪ್ಯೂಟರ್ ಬಂತು. 2021ರಲ್ಲಿ ಬಂದ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರುಗಳು ಡಿಡಿಆರ್ 4, ಡಿಡಿಆರ್ 5 ಎರಡಕ್ಕೂ ಒಗ್ಗುತ್ತವೆ. ಯಾವುದಕ್ಕೆ ಸ್ಲಾಟ್ ಎನ್ನುವುದು ಬೋರ್ಡಿನ ಮೇಲೆ. ಯಜಮಾನರು ಡಿಡಿಆರ್ 4ರ ಬೋರ್ಡನ್ನೇ ಹುಡುಕಿ ತಂದು, 3200 ವೇಗದ ಹೊಸ ರ‍್ಯಾಮಿನ ಪಕ್ಕದಲ್ಲಿ ಡಬ್ಬಿಯ 2400ರದ್ದನ್ನು ಕೂರಿಸಿದರು. ಈಗ ಎರಡೂ 2400ರಲ್ಲೇ ಓಡುತ್ತವೆ. ಮಗ ಗೊಣಗಿದಾಗ ಉತ್ತರ ಸಿದ್ಧವಿತ್ತು: “ದೊಡ್ಡೋರ ಜೊತೆ ಹೋಗುವಾಗ ನಿಧಾನಕ್ಕೆ ನಡೀಬೇಕಪ್ಪ.” ಎಂಟು ಜಿಬಿ ಉಳಿಸಲು ಪ್ರೊಸೆಸರು, ಬೋರ್ಡು, ಕ್ಯಾಬಿನೆಟ್ಟು ಎಲ್ಲ ಕೊಂಡಾಯಿತು. ಈ ಲೆಕ್ಕವನ್ನು ಅವರೆದುರು ಎತ್ತುವ ಧೈರ್ಯ ಇರುವುದು ಅವರ ಶ್ರೀಮತಿಯವರಿಗೆ ಮಾತ್ರ.

ಅವರನ್ನು ನಿಜಕ್ಕೂ ಕಂಗೆಡಿಸಿದ್ದು ಮಗಳ ತೆಳು ಲ್ಯಾಪ್‌ಟಾಪು. ಬೆನ್ನು ಬಿಚ್ಚಿ ನೋಡಿದರೆ ಸ್ಲಾಟೇ ಇಲ್ಲ, ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ತುಟಿಪಿಟಕ್ಕೆನ್ನದೆ ಮುಚ್ಚಿದರು. ಒಂದು ಸ್ಕ್ರೂ ಉಳಿಯಿತು. ಅದನ್ನೂ ಡಬ್ಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಅವರ ಕಾಲವೂ ಬಂತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚತೊಡಗಿ, 2025ರ ಕೊನೆಗೆ ರ‍್ಯಾಮಿನ ಬೆಲೆ ಗಗನಕ್ಕೇರಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ‘ಕ್ರೂಷಿಯಲ್’ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಯಜಮಾನರು ಹಾಲಿನ ಬೂತಿನ ಮುಂದೆ ನಿಂತವರಿಗೆಲ್ಲ “ನಾನು ಹೇಳಿರಲಿಲ್ವಾ?” ಎಂದರು. ಡಬ್ಬಿಯ ಮುಕ್ಕಾಲು ಭಾಗ ಯಾವ ಡೇಟಾ ಸೆಂಟರೂ ಮೂಸಿ ನೋಡದ ಸರಕು ಎಂಬುದನ್ನು ಯಾರೂ ಎತ್ತಲಿಲ್ಲ. ಗೆದ್ದವರ ಮುಖ ನೋಡಿ ಹಾಗೆಲ್ಲ ಹೇಳಲಾಗುವುದಿಲ್ಲ.

ಮೊನ್ನೆ ಎದುರುಮನೆಯ ಇಂಜಿನಿಯರಿಂಗ್ ಹುಡುಗ ತನ್ನ ಸಿಪಿಯು ಹೊತ್ತು ತಂದ. ಯಜಮಾನರು ಭೂತಗನ್ನಡಿಯಲ್ಲಿ ಲೇಬಲ್ ಓದಿದರು: ಡಿಡಿಆರ್ 4, 1.2 ವೋಲ್ಟ್. ಹುಡುಗನ ನಾಲ್ಕು ಜಿಬಿ ಕಿತ್ತು, ಡಬ್ಬಿಯಿಂದ ಎಂಟರದ್ದೊಂದನ್ನು ಉಜ್ಜಿ ಅದುಮಿದರು. ಯಂತ್ರ ಮೊದಲ ಸಲಕ್ಕೇ ಎದ್ದಿತು.

“ಎಷ್ಟಾಯ್ತು ಅಂಕಲ್?”

“ದುಡ್ಡೆಲ್ಲ ಯಾಕಪ್ಪ? ಆ ಕಿತ್ತಿದ್ದನ್ನ ಇಲ್ಲೇ ಬಿಟ್ಟು ಹೋಗು. ಇರಲಿ, ಬೇಕಾಗುತ್ತೆ.”

ಅಡುಗೆಮನೆಯಿಂದ ಗುಡುಗು ಕೇಳಿಸಿತು: “ಆ ಡಬ್ಬಿ ತುಂಬಿದೆ. ನನ್ನ ಚಕ್ಕುಲಿ ಡಬ್ಬಿಗೆ ಕೈ ಹಾಕಿದ್ರೋ, ನೋಡಿ ಮತ್ತೆ!”