ಮುಂಗಡ ಮೀಮಾಂಸೆ: ಮರಳಿ ಬಾರದ ಹಣದ ತಾತ್ವಿಕ ನೆಲೆಗಳು

ಹಳೆಯ ಎಚ್‌ಎಂಟಿ ಕೈಗಡಿಯಾರಗಳ ಖಾಸಗಿ ಕ್ರಯವಿಕ್ರಯದ ಪರಿಪ್ರೇಕ್ಷ್ಯದಲ್ಲಿ ‘ಅಡ್ವಾನ್ಸ್’ ಎಂಬ ಪರಿಕಲ್ಪನೆಯ ಸಮಗ್ರ ಅನುಸಂಧಾನ ಕನ್ನಡದಲ್ಲಿ ನಡೆಯದಿರುವುದು ಸಾರಸ್ವತ ಲೋಕದ ದೌರ್ಭಾಗ್ಯ. ಆ ಕೊರತೆ ತುಂಬುವುದೇ ಪ್ರಸ್ತುತ ಮಹಾಪ್ರಬಂಧದ ಘನೋದ್ದೇಶ. ಅಧ್ಯಯನದ ವ್ಯಾಪ್ತಿ: ‘ಪೈಲಟ್’ ಮಾದರಿಯ ಒಂದು ವಾಚು. ಮಿತಿ: ಅದನ್ನು ಮುಟ್ಟಿ ನೋಡಲು ಬಿಡಲಿಲ್ಲ. ಅನುದಾನ: 2,000 ರೂಪಾಯಿ, ಸ್ವಂತದ್ದು.

ಮುಂಗಡವು ಪಂಚವಿಧ. ಒಂದನೆಯದು ಸ್ಪರ್ಧಾಜನ್ಯ: “ಇನ್ನೂ ಮೂರು ಜನ ಕೇಳ್ತಾ ಇದಾರೆ ಸರ್, ಎರಡು ಸಾವಿರ ಹಾಕಿದ್ರೆ ನಿಮಗೇ ಎತ್ತಿಡ್ತೀನಿ” ಎಂಬ ಮಹಾವಾಕ್ಯದಿಂದ ಹುಟ್ಟುವಂಥದ್ದು. ಎರಡನೆಯದು ವಂಶಗೌರವಜನ್ಯ. “ನಮ್ಮ ತಾತಂದು ಸರ್” ಎಂಬಲ್ಲಿ ಇದರ ಉಗಮ. (ಒಬ್ಬನೇ ತಾತ ಏಕಕಾಲಕ್ಕೆ ಹನ್ನೊಂದು ಪೈಲಟ್ ಕಟ್ಟುತ್ತಿದ್ದ ನಿದರ್ಶನಗಳೂ ಉಂಟು.) ಮೂರನೆಯದು ದರ್ಶನಪೂರ್ವ: ದುಡ್ಡು ಬಿದ್ದ ಮೇಲಷ್ಟೇ ಸ್ಪಷ್ಟ ಫೋಟೊ ಕಳಿಸುವ ಬಗೆ. ಉಳಿದೆರಡೂ ಹೆಚ್ಚುಕಡಿಮೆ ಇವೇ. ಐದು ಎಂದರೆ ಶಾಸ್ತ್ರಕ್ಕೆ ಒಂದು ತೂಕ ಬರುತ್ತದೆಂದು ಹಾಗೆ ಹೇಳಿದ್ದು.

ಇನ್ನು ‘ಕ್ರೇತೃ ಉತ್ತರದಾಯಿತ್ವ ಸಿದ್ಧಾಂತ’. ಇದರ ಆಚಾರ್ಯರು ಮಾರುವವರು; ಭಾಷ್ಯಕಾರರು ಅವರ ಬೆನ್ನಿಗೆ ನಿಲ್ಲುವ ಹಿರಿಯ ಸಂಗ್ರಾಹಕರು. ಡಯಲ್, ಮುಳ್ಳು, ಒಳಗಿನ ಮಿಷಿನ್, ಮಾರುವವನ ಜಾತಕ ಎಲ್ಲವನ್ನೂ ಕೊಳ್ಳುವವನು ಮೊದಲೇ ಅರಿತಿರತಕ್ಕದ್ದು. ಮಾರುವವನ ಸರ್ವಜ್ಞತ್ವವಾದರೋ “ನೂರಕ್ಕೆ ನೂರು ಒರಿಜಿನಲ್” ಎನ್ನುವಾಗ ಪ್ರಕಟವಾಗಿ, ಹಣ ವಾಪಸ್ ಕೇಳಿದೊಡನೆ ತಿರೋಹಿತವಾಗುತ್ತದೆ: “ನನಗೇನ್ ಗೊತ್ತು ಸರ್, ನಾನೇನ್ ಡೀಲರಾ? ನೀವು ನೋಡ್ಕೊಂಡು ದುಡ್ಡು ಹಾಕ್ಬೇಕಿತ್ತು.”

ಏನನ್ನು ನೋಡಿಕೊಂಡು? ಫೋಟೊ ಬಂದದ್ದೇ ಆಮೇಲೆ. ಹಿಗ್ಗಿಸಿದರೆ ನಿಮಿಷದ ಗೆರೆಗಳು ಒಂದು ಬದಿ ದಪ್ಪ, ಇನ್ನೊಂದು ಬದಿ ಸಣಕಲು. ‘17 ಜ್ಯುವೆಲ್ಸ್’ ಎಂಬ ಅಕ್ಷರಗಳು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿವೆ. ಹಳೆಯ ಡಯಲ್ ಕೆರೆದು, ಬಣ್ಣ ಬಳಿದು, ಹೊಸದಾಗಿ ಅಚ್ಚು ಹಾಕಿದ ಮಾಲು. ವಾಚಿನವರ ಬಾಯಲ್ಲಿ ರೀಡಯಲ್.

ಶಾಸ್ತ್ರಾಧಾರ ಬೇಕೆನ್ನುವವರಿಗೆ: 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಂ ಪ್ರಕಾರ, ಇಂಥದ್ದೆಂದು ವರ್ಣಿಸಿ ಮಾರಿದ ವಸ್ತು ಆ ವರ್ಣನೆಗೆ ಹೊಂದಲೇಬೇಕು. ಮಾರುವವನು ಅಂಗಡಿ ಇಟ್ಟಿರಬೇಕೆಂಬ ಷರತ್ತು ಅಲ್ಲಿಲ್ಲ. ಗುಣಮಟ್ಟದ ಪರೀಕ್ಷೆ ಕೊಳ್ಳುವವನ ತಲೆಗೆ ಬರುವುದು 16ನೇ ಕಲಮಿನಲ್ಲಿ; ನಮ್ಮ ಸಿದ್ಧಾಂತಿಗಳ ವ್ಯಾಸಂಗ ಅದರ ಮೊದಲ ಸಾಲಿಗೇ ಮುಗಿದಿದೆ. ಮುಂಗಡದ ವಿಷಯಕ್ಕೆ ಬಂದರೆ, 1963ರ ಫತೇಚಂದ್ ಪ್ರಕರಣದಲ್ಲಂತೂ ಮಾತು ತಪ್ಪಿದವನು ಕೊಳ್ಳುವವನೇ. ಆದರೂ ಸಂಚಕಾರದ 1,000 ರೂಪಾಯಿಯನ್ನಷ್ಟೇ ಇಟ್ಟುಕೊಳ್ಳಿ, ಕ್ರಯದ ಬಾಬ್ತು ಕೊಟ್ಟ 24,000ವನ್ನು ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ ಎಂದಿತು ಸುಪ್ರೀಂ ಕೋರ್ಟು. ಸರಿ, ಎರಡು ಸಾವಿರಕ್ಕೆ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು? ವಕೀಲರ ನೋಟಿಸಿಗೇ ಅಷ್ಟು ಬೇಕು. ಇದು ಮಾರುವವನಿಗೂ ಗೊತ್ತು. ಇಡೀ ಸಿದ್ಧಾಂತ ನಿಂತಿರುವುದೇ ಇದರ ಮೇಲೆ.

ದುಡ್ಡು ಹಾಳಾಗಿಹೋಗಲಿ. ಆ ಡಯಲ್ ಕೆರೆದರಲ್ಲ! 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಲ್ಲಿ ಶುರುವಾದ ಕಾರ್ಖಾನೆಯ ವಾಚು ಅದು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಕೆರೆದ ಡಯಲಿಗೆ ಬದಲಿ ಇನ್ನೆಲ್ಲಿಂದ ತರುವುದು? ದೇವನಾಗರಿಯಲ್ಲಿ ‘ಜನತಾ’ ಎಂದು ಬರೆದ ವಾಚು, ಯಾರದೋ ಮದುವೆಯಲ್ಲಿ ಮಾವ ಕೊಟ್ಟದ್ದು, ಬೆವರು ಕುಡಿದು ಅಂಚು ಹಳದಿಗೆ ತಿರುಗಿದ್ದು. ಅದರ ಮಿಷಿನ್ ಕಿತ್ತು, ಕಪ್ಪು ಬಳಿದು ‘ಮಿಲಿಟರಿ ಪೈಲಟ್’ ಮಾಡುತ್ತಾರೆ, ಪೈಲಟ್‌ಗೆ ರೇಟು ಜಾಸ್ತಿ ಅಂತ. ಮನೆಯವರು ಗುಜರಿಗೆ ಹಾಕಿದ್ದರೂ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಇದನ್ನು ಮಾರುವವನು ನಮಗೆ ಜವಾಬ್ದಾರಿಯ ಪಾಠ ಹೇಳುತ್ತಾನೆ.

ಪರಿಹಾರೋಪಾಯಗಳಿಗೆ ಒಂದು ಪ್ರತ್ಯೇಕ ಅಧ್ಯಾಯವನ್ನು ಯೋಜಿಸಲಾಗಿತ್ತು. ಮಾಹಿತಿದಾರರು ಪ್ರಬಂಧಕಾರನ ನಂಬರನ್ನು ಬ್ಲಾಕ್ ಮಾಡಿರುವುದರಿಂದ ಕ್ಷೇತ್ರಕಾರ್ಯ ಸ್ಥಗಿತಗೊಂಡಿದೆ.