ಡಬ್ಬಿ ರಾಯರು

ವಠಾರಕ್ಕೊಬ್ಬರು ಓದದ ಡಾಕ್ಟರು ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ಮಹಡಿ ಮನೆ ರಾಯರು, ಶಿರಸ್ತೇದಾರರಾಗಿ ನಿವೃತ್ತರಾದವರು. ಕೆಳಗೆ ಮಗು ಕೆಮ್ಮಿದರೆ ಸಾಕು, ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ ಹಿಡಿದು ಇಳಿದುಬರುತ್ತಾರೆ. ಅದರೊಳಗೆ ಅರ್ಧ ಕತ್ತರಿಸಿದ ಮಾತ್ರೆ ಪಟ್ಟಿಗಳು, ಲೇಬಲ್ಲು ಕಿತ್ತುಹೋದ ಸಿರಪ್ಪುಗಳು. ಹಣೆ ಮುಟ್ಟಿ "ನೂರಾ ಒಂದೂವರೆ" ಅನ್ನುತ್ತಾರೆ. ಥರ್ಮಾಮೀಟರೂ ಅಷ್ಟೇ ತೋರಿಸುತ್ತದೆ, ಅದೇ ನನಗೆ ಸಿಟ್ಟು.

ಒಮ್ಮೆ ಮಗಳಿಗೆ ಜ್ವರ ಬಂದಾಗ ಡಬ್ಬಿಯಿಂದ ನಿಮೆಸುಲೈಡ್ ಹೊರಬಂತು. "ಅರ್ಧ ಕೊಡಿ, ಅರ್ಧ ಗಂಟೇಲಿ ಬೆವರುತ್ತೆ."

"ರಾಯರೇ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅದನ್ನ ಕೊಡಬಾರದು ಅಂತ ಸರ್ಕಾರ 2011ರಲ್ಲೇ ನಿಷೇಧ ಮಾಡಿದೆ. ಲಿವರಿಗೆ ಅಪಾಯ," ಎಂದಳು ನನ್ನ ಹೆಂಡತಿ.

ರಾಯರು ಪಟ್ಟಿಯನ್ನು ದೀಪಕ್ಕೆ ಹಿಡಿದರು. "ಇದು 2009ರದ್ದಮ್ಮ. ಆದೇಶ ಪೂರ್ವಾನ್ವಯ ಆಗೋದಿಲ್ಲ."

ಎದುರಾಡುವ ಧೈರ್ಯ ನನಗಿಲ್ಲ. ನೀರು ತರುವ ನೆಪದಲ್ಲಿ ಅಡುಗೆಮನೆಗೆ ಜಾರಿದೆ. ಅಲ್ಲಿಗೂ ಕೇಳಿಸುತ್ತಿತ್ತು: ಆಸ್ಪಿರಿನ್ ಮಕ್ಕಳಿಗೆ ಬೇಡ, ಡೆಂಗಿ ಇರಬಹುದಾದ ಕಾಲದಲ್ಲಿ ಐಬುಪ್ರೊಫೇನೂ ಬೇಡ, ರಕ್ತಸ್ರಾವವಾದೀತು, ಪ್ಯಾರಾಸಿಟಮಾಲ್ ಒಂದೇ ಸಾಕು. ಕೂಡಲೇ ರಾಯರು ಪ್ಯಾರಾಸಿಟಮಾಲ್ ಸಿರಪ್ಪನ್ನೇ ತೆಗೆದರು, ಜೊತೆಗೆ ನಮ್ಮ ಸಾರಿನ ಚಮಚ. ಅವರ ಬಾಟಲಿ 5 ಮಿಲಿಗೆ 250 ಮಿಲಿಗ್ರಾಂನದು, ನಮ್ಮದು 120ರದು. ಕಿಲೋಗೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ನಮ್ಮ 12 ಕಿಲೋ ಹುಡುಗಿಗೆ ಹೆಚ್ಚೆಂದರೆ 180. ಸಾರಿನ ಚಮಚಕ್ಕೋ ಲೆಕ್ಕವೇ ಇಲ್ಲ!

ರಾಯರ ಮೊಮ್ಮಕ್ಕಳು ನ್ಯೂಜೆರ್ಸಿಯಲ್ಲಿವೆ. ಅಲ್ಲಿ ಜ್ವರ ಬಂದ ಸುದ್ದಿ ಇವರಿಗೆ ತಲುಪುವುದು ಜ್ವರ ಬಿಟ್ಟ ಮೇಲೆ. ಇಲ್ಲಿ ಡಬ್ಬಿ ಮಾತ್ರ ತುಂಬುತ್ತಲೇ ಇರುತ್ತದೆ.

ಅದು ಹೆಂಡತಿಗೆ ಹೊಳೆದಿರಬೇಕು. ಅವತ್ತು ಡಬ್ಬಿ ಮುಚ್ಚಿಸಿ, ಅವರ ಕೈಗೊಂದು ನೋಟ್‌ಬುಕ್ ಕೊಟ್ಟಳು: ಎಷ್ಟು ಹೊತ್ತಿಗೆ, ಎಷ್ಟು ಮಿಲಿ, ಬರೆದಿಡಿ. ರಾಯರ ಬೆನ್ನು ನೆಟ್ಟಗಾಯಿತು. ಗೆರೆ ಎಳೆದರು, ಕ್ರಮಸಂಖ್ಯೆ ಹಾಕಿದರು, "ಷರಾ" ಅಂತ ಒಂದು ಕಾಲಂ ಕೂಡ. "10.15. ಐದು ಮಿಲಿ. ಕೊಟ್ಟವರು: ತಾಯಿ."

ಒಂದೂವರೆಗೆ ಮಗಳ ಮೈ ಮತ್ತೆ ಸುಡತೊಡಗಿತು. ನಾನು ಗಾಬರಿಯಿಂದ ಬಾಟಲಿಗೆ ಕೈಹಾಕಿದೆ. ರಾಯರು ಕನ್ನಡಕದ ಮೇಲಿನಿಂದ ನೋಡಿದರು.

"ನಾಲ್ಕು ಗಂಟೆ ಆಗಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸಿ. ಎರಡೂ ಕಾಲಿಗೆ ಅರ್ಜಿ ಹಾಕಿ, ಪರಿಶೀಲಿಸೋಣ."